ಬರೀ ಎದೆಯುರಿ ಅಂದುಕೊಂಡಿದ್ದೆವು

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಚೆಕಿಂಗ್ ಕೆಲಸ ಮಾಡುತ್ತೇನೆ. ಹೊಲಿದು ಬಂದ ಶರ್ಟಿನ ಕಾಲರು, ತೋಳು, ಗುಂಡಿಪಟ್ಟಿ ತಿರುಗಿಸಿ ನೋಡಿ, ಉಳಿದ ದಾರ ಕತ್ತರಿಸಿ ಮುಂದಕ್ಕೆ ಕಳಿಸುವುದು. ಅಲ್ಲಿ ಊಟಕ್ಕೆ ಬಿಡುವುದು ಅರ್ಧ ಗಂಟೆ. ಕೈ ತೊಳೆಯಲು ಸಾಲು, ನೀರು ಹಿಡಿಯಲು ಸಾಲು. ಇದೆಲ್ಲ ಕಳೆದು ಉಳಿದ ಹೊತ್ತಿನಲ್ಲಿ ಡಬ್ಬಿ ಖಾಲಿ ಮಾಡಬೇಕು. ಎಷ್ಟೋ ವರ್ಷ ನಾನೂ ಎಲ್ಲರ ಹಾಗೆ ಗಬಗಬ ತಿಂದು ಬೆಲ್ಲಿಗೆ ಸರಿಯಾಗಿ ಎದ್ದವಳೇ. ಒಂದು ಬೇಸಿಗೆಯಲ್ಲಿ ನನ್ನ ಡಬ್ಬಿ ಖಾಲಿಯಾಗುವುದು ನಿಂತಿತು. ಅನ್ನದ ತುತ್ತು ಎದೆಯ ನಡುವೆ ಎಲ್ಲೋ ಬಂದು ನಿಂತುಬಿಡುತ್ತಿತ್ತು. ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಉಸಿರು ಬಿಗಿಹಿಡಿದು ಕೂತರೆ ಮೆಲ್ಲಗೆ ಜಾರುತ್ತಿತ್ತು. ಆಮೇಲೆ ಇನ್ನೊಂದು ತುತ್ತಿಗೆ ಧೈರ್ಯ ಬರುತ್ತಿರಲಿಲ್ಲ.

ಪಕ್ಕದಲ್ಲಿ ಕೂತು ಉಣ್ಣುವ ರತ್ನ ಇದನ್ನು ಗಮನಿಸಿದಳು. ಮಿಕ್ಕ ಅನ್ನವನ್ನು ಗೇಟಿನ ಹತ್ತಿರದ ನಾಯಿಗೆ ಸುರಿಯುತ್ತಿದ್ದಾಗ, ಡಯಟ್ ಮಾಡ್ತಿದ್ದೀಯ ಅಕ್ಕ ಎಂದು ಕೇಳಿದಳು. ಹೌದು ಎಂದೆ. ಅದಕ್ಕಿಂತ ಸುಲಭದ ಉತ್ತರ ನನಗೆ ಹೊಳೆಯಲಿಲ್ಲ.

ಎದೆಯುರಿ ನನಗೆ ಹೊಸದಾಗಿರಲಿಲ್ಲ. ನಮ್ಮ ಕಡೆ ಹೊಟ್ಟೆಯಿಂದ ಗಂಟಲವರೆಗೆ ಏನೇ ಆದರೂ ಅದಕ್ಕೆ ಗ್ಯಾಸ್ಟ್ರಿಕ್ ಎಂದು ಒಂದೇ ಹೆಸರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಟೀ ಕುಡಿದು ಬಸ್ಸಿಗೆ ಓಡುವುದು, ರಾತ್ರಿ ಖಾರದ ಸಾರಿನಲ್ಲಿ ಉಂಡು ಆ ಕೂಡಲೇ ಉರುಳಿಕೊಳ್ಳುವುದು. ಮಲಗಿದರೆ ಹುಳಿನೀರು ಬಾಯಿಗೆ ಬರುತ್ತಿತ್ತು. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಗುಲಾಬಿ ಬಣ್ಣದ ಒಂದು ಔಷಧಿ ಕೊಡುತ್ತಿದ್ದರು. ಅದರ ಬಾಟಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯ ಪಕ್ಕ ನಮ್ಮ ಮನೆಯ ಕಿಟಕಿಯಲ್ಲಿ ಯಾವಾಗಲೂ ಇರುತ್ತಿತ್ತು. ಉರಿ ಬಂದಾಗ ಒಂದು ಮುಚ್ಚಳ ಕುಡಿದರೆ ತಣ್ಣಗಾಗುತ್ತಿತ್ತು. ತಣ್ಣಗಾದದ್ದನ್ನೇ ವಾಸಿಯಾಯಿತು ಅಂದುಕೊಂಡು ವರ್ಷಗಳನ್ನು ಕಳೆದೆ.

ಮನೆಯಲ್ಲಿ ನಾವು ಮೂವರು. ನನ್ನ ಗಂಡ ಸಿದ್ದರಾಜು, ಅವರ ತಾಯಿ ನಿಂಗಮ್ಮ, ಮತ್ತೆ ನಾನು. ಅವರ ಊರು ಸೋಸಲೆಯ ಹತ್ತಿರ. ಲಗೇಜ್ ಆಟೋ ಇಟ್ಟುಕೊಂಡು ತಿ. ನರಸೀಪುರದ ಸುತ್ತಲ ಹಳ್ಳಿಗಳಿಂದ ಬಾಳೆಗೊನೆ, ತರಕಾರಿ ತುಂಬಿಕೊಂಡು ನಂಜನಗೂಡಿಗೂ ಮೈಸೂರಿಗೂ ಸಾಗಿಸುತ್ತಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತೆ ಬಾಯಿಬಿಟ್ಟು ನನ್ನನ್ನು ಏನೂ ಅಂದವರಲ್ಲ. ಆದರೆ ನಮ್ಮಿಬ್ಬರ ನಡುವೆ ಮಾತು ಅಂತ ಇದ್ದದ್ದು ಉಪ್ಪು ಮುಗಿಯಿತು, ರಾಗಿ ಬೀಸಿಸಬೇಕು, ಹಾಲಿನವನು ಬರಲಿಲ್ಲ ಎನ್ನುವಷ್ಟೇ. ರಾತ್ರಿ ಮುದ್ದೆ ತೊಳಸುವುದು ಅವರ ಕೆಲಸ. ವಯಸ್ಸಾದರೂ ಅದನ್ನು ನನ್ನ ಕೈಗೆ ಬಿಟ್ಟಿರಲಿಲ್ಲ.

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು. ಅನ್ನವನ್ನಾದರೆ ಅಗಿದು ಅಗಿದು ನೀರು ಮಾಡಿ ಹೇಗೋ ಇಳಿಸುತ್ತಿದ್ದೆ, ಮುದ್ದೆಯ ಮುಂದೆ ನನ್ನ ಆಟ ನಡೆಯಲಿಲ್ಲ. ಮೊದಲು ತುತ್ತು ಚಿಕ್ಕದು ಮಾಡಿದೆ, ಆಮೇಲೆ ಅರ್ಧ ಸಾಕು ಎಂದೆ, ಕೊನೆಗೆ ಬೇಡವೇ ಬೇಡ ಎಂದೆ. ಅತ್ತೆ ನನ್ನ ತಟ್ಟೆಯನ್ನು ನೋಡಿದರು, ಮುಖ ನೋಡಲಿಲ್ಲ.

"ನಾ ಮಾಡಿದ್ದು ಇಳಿಯಾಕಿಲ್ಲ ಇವಳ್ಗೆ," ಎಂದು ಮಗನಿಗೆ ಹೇಳಿದರು. "ಕಂಪ್ನಿ ಸೇರ್ಕಂಡ್ಮೇಲೆ ಮುದ್ದೆ ಬಾಯ್ಗೆ ಒಗ್ಗದಂಗಾಯ್ತು."

ನಿಜ ಹೇಳಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಆದರೆ ನಿಜ ಹೇಳಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತಿತ್ತು. ಆಸ್ಪತ್ರೆಗೆ ಹೋದರೆ ಏನು ಹೇಳುತ್ತಾರೋ ಎಂಬ ಭಯ ನನ್ನನ್ನು ಆಗಲೇ ಹಿಡಿದುಕೊಂಡಿತ್ತು. ಸೀರೆಯ ನೆರಿಗೆ ಸೊಂಟದಲ್ಲಿ ನಿಲ್ಲದಷ್ಟು ಸಣ್ಣಗಾಗಿದ್ದೆ. ನೋಡಿದವರು ಸಕ್ಕರೆ ಕಾಯಿಲೆ ಇರಬೇಕು, ಟೆಸ್ಟ್ ಮಾಡಿಸು ಎನ್ನುತ್ತಿದ್ದರು.

ಎಲ್ಲ ಹೊರಗೆ ಬಿದ್ದದ್ದು ತಿ. ನರಸೀಪುರದ ಒಂದು ಬೀಗರೂಟದಲ್ಲಿ. ನನ್ನ ಗಂಡನ ಚಿಕ್ಕಪ್ಪನ ಮಗಳ ಮದುವೆಯಾಗಿತ್ತು. ಪಂಕ್ತಿಯಲ್ಲಿ ಅತ್ತೆಯ ಪಕ್ಕದಲ್ಲೇ ಕೂತಿದ್ದೆ. ಬಡಿಸುವವರು ಒತ್ತಾಯ ಮಾಡಿ ಹಾಕಿದರು. ಅತ್ತೆ ನೋಡುತ್ತಿದ್ದಾರೆ ಎಂದು ಒಂದು ಚೂರು ಮಾಂಸ ಬಾಯಿಗೆ ಹಾಕಿಕೊಂಡೆ. ಅದು ಎದೆಯಲ್ಲಿ ಗೂಟ ಹೊಡೆದ ಹಾಗೆ ನಿಂತಿತು. ನೀರು ಕುಡಿದರೆ ನೀರೇ ವಾಪಸು ಬಂತು. ಎದ್ದು ಛತ್ರದ ಹಿಂದೆ ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಹೋಗಿ ನಿಂತೆ. ಬಾಯಲ್ಲಿ ಊರುವ ಜೊಲ್ಲನ್ನೂ ನುಂಗಲಾಗದೆ ಉಗುಳುತ್ತಾ ನಿಂತಿದ್ದೆ. ನಮ್ಮ ಜೊಲ್ಲನ್ನು ನಾವು ದಿನಕ್ಕೆ ಎಷ್ಟು ಸಲ ನುಂಗುತ್ತೇವೆ ಎಂಬುದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಹುಡುಕಿಕೊಂಡು ಬಂದ ಗಂಡ ನನ್ನ ಬೆನ್ನಿನ ಮೇಲೆ ಕೈ ಇಟ್ಟರು. "ಎಷ್ಟು ದಿವ್ಸದಿಂದ ಹಿಂಗೆ?" ಎಂದು ಕೇಳಿದರು. ಬೈಯಲಿಲ್ಲ, ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ನಾನು ಅತ್ತುಬಿಟ್ಟೆ.

ಲಗೇಜ್ ಆಟೋದಲ್ಲೇ ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಜೆಕ್ಷನ್ ಕೊಟ್ಟು ಕೂರಿಸಿದರು. ಸಂಜೆ ಹೊತ್ತಿಗೆ ಆ ಚೂರು ತಾನಾಗಿಯೇ ಕೆಳಗಿಳಿಯಿತು. ಡಾಕ್ಟರು ನನ್ನ ಮಾತನ್ನೆಲ್ಲ ಕೇಳಿ, ಇದನ್ನು ತಡ ಮಾಡಬೇಡಿ, ಮೈಸೂರಿಗೆ ಹೋಗಿ ಎಂಡೋಸ್ಕೋಪಿ ಮಾಡಿಸಿ ಎಂದರು. ಏನಿರಬಹುದು ಎಂದು ಗಂಡ ಕೇಳಿದ್ದಕ್ಕೆ, ನೋಡದೆ ಹೇಳಲಾಗದು ಎಂದರು. ಆ ಉತ್ತರದ ಅರ್ಥ ಇಬ್ಬರಿಗೂ ಆಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಕಾಯುವ ಜಾಗ ಉದ್ದನೆಯ ಒಂದು ಪಡಸಾಲೆ. ಎದುರು ಗೋಡೆಯ ಮೇಲೆ ಬಾಣದ ಗುರುತಿನ ಒಂದು ಬೋರ್ಡಿತ್ತು. ಕ್ಯಾನ್ಸರ್ ವಿಭಾಗ ಎಂದು ಬರೆದಿತ್ತು. ಗಂಡ ಎದ್ದು ಬಂದು ನನ್ನ ಎದುರಿನ ಕುರ್ಚಿಯಲ್ಲಿ, ಆ ಬೋರ್ಡಿಗೆ ಬೆನ್ನು ಕೊಟ್ಟು, ಅದು ಮರೆಯಾಗುವ ಹಾಗೆ ಕೂತರು. ನಾನು ಅದನ್ನು ಓದಿ ಆಗಿತ್ತು. ಓದಿಲ್ಲವೆಂಬಂತೆ ಇದ್ದೆ. ಅವರು ಬಾಳೆಕಾಯಿಯ ರೇಟಿನ ಬಗ್ಗೆ ಏನೇನೋ ಮಾತಾಡಿದರು.

ಒಳಗೆ ಗಂಟಲಿಗೆ ಕಹಿಯಾದ ಸ್ಪ್ರೇ ಹೊಡೆದರು. ನಾಲಿಗೆ ದಪ್ಪವಾದ ಹಾಗಾಯಿತು. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಪ್ಲಾಸ್ಟಿಕ್ಕಿನ ಬಳೆಯಂಥದ್ದೊಂದನ್ನು ಕಚ್ಚಿಸಿದರು. ಕಣ್ಣಲ್ಲಿ, ಮೂಗಲ್ಲಿ, ಬಾಯಲ್ಲಿ ನೀರು. ನಾಚಿಕೆ ಅನ್ನುವುದೆಲ್ಲ ಅಲ್ಲಿಗೆ ಮುಗಿಯಿತು. ಯಾರೋ ಒಬ್ಬ ನರ್ಸ್ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಆಯ್ತು ಅಕ್ಕ, ಆಗೇ ಹೋಯ್ತು ಅಕ್ಕ ಎನ್ನುತ್ತಲೇ ಇದ್ದಳು. ಮಾಸ್ಕ್ ಹಾಕಿದ್ದರಿಂದ ಅವಳ ಮುಖ ನಾನು ನೋಡಲಿಲ್ಲ. ಆ ಕೈಗಳ ಬಿಸಿ ಮಾತ್ರ ಇವತ್ತಿಗೂ ನೆನಪಿದೆ.

ಅನ್ನನಾಳ ಕೆಳಗಡೆ ಬಹಳ ಕಿರಿದಾಗಿದೆ, ಟ್ಯೂಬೂ ಅದನ್ನು ದಾಟಿ ಹೋಗಲಿಲ್ಲ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಆ ಕಾಯಿಲೆಯ ಹೆಸರು ಎತ್ತಲಿಲ್ಲ. ನಾನು ಗಂಜಿ, ಹಾಲು ಕುಡಿದು ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಅತ್ತೆ ಯಾರಿಗೂ ಹೇಳದೆ ಎಲ್ಲೋ ಹೋಗಿ ಒದ್ದೆ ಸೀರೆಯಲ್ಲಿ ವಾಪಸು ಬಂದರು. ಕಪಿಲೆಯಲ್ಲಿ ಮಿಂದು ದೇವಸ್ಥಾನಕ್ಕೆ ಹೋಗಿ ಬಂದಿದ್ದರು. ನನ್ನ ಹಣೆಗೆ ಕುಂಕುಮ ಇಟ್ಟು ಒಳಗೆ ಹೋದರು.

ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ. ವರ್ಷಗಟ್ಟಲೆ ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಸುಟ್ಟು, ಮಾಗಿ, ಮತ್ತೆ ಸುಟ್ಟು ಆ ಜಾಗ ಬಿಗಿದುಕೊಂಡಿದೆ ಎಂದು ಡಾಕ್ಟರು ಹೇಳಿದರು. ಬಟ್ಟೆಯನ್ನು ಒಂದೇ ಕಡೆ ಮತ್ತೆ ಮತ್ತೆ ಹೊಲಿದರೆ ಸುಕ್ಕುಗಟ್ಟಿ ಬಿಗಿಯುವುದನ್ನು ನಾನು ದಿನಾ ನೋಡುವವಳು, ನನಗೆ ಅರ್ಥವಾಯಿತು. ಅದನ್ನು ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸಬೇಕು, ಒಂದೇ ಸಲಕ್ಕೆ ಆಗುವುದಿಲ್ಲ, ಮತ್ತೆ ಬಿಗಿಯಲೂಬಹುದು, ಮಾತ್ರೆ ಮಾತ್ರ ಬಿಡಬಾರದು ಎಂದರು. ಹೊರಗೆ ಬಂದು ಗಂಡ ಹೋಟೆಲಿನಲ್ಲಿ ಎರಡು ಕಾಫಿ ಹೇಳಿದರು. ಕಾಫಿ ನನಗೆ ಕೂಡದು ಎಂದು ಡಾಕ್ಟರು ಆಗತಾನೇ ಹೇಳಿದ್ದು ನೆನಪಾಗಿ ಎರಡನ್ನೂ ತಾವೇ ಕುಡಿದರು. ಬಿಲ್ಲಿನ ದುಡ್ಡನ್ನು ಎರಡು ಸಲ ಕೊಡಲು ಹೋದರು. ಅಷ್ಟು ದಿನ ಆ ಮನುಷ್ಯ ಎಷ್ಟು ಹೆದರಿದ್ದರು ಎಂಬುದು ನನಗೆ ಗೊತ್ತಾದದ್ದು ಆಗ.

ಹಿಗ್ಗಿಸುವುದು ಅಂದರೆ ಮತ್ತೆ ಅದೇ ಎಂಡೋಸ್ಕೋಪಿ, ಆದರೆ ಮತ್ತಿನ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಅದಾದ ಮೇಲೆ ಎದೆಯೊಳಗೆ ಕೆರೆದ ಹಾಗೆ ನೋವು, ಒಂದೆರಡು ದಿನ ಬರೀ ತಣ್ಣನೆಯ ನೀರಾಹಾರ. ಆಮೇಲೆ ಮೆತ್ತಗಿನದು. ಮೊದಲ ಸಲ ಮಾಡಿಸಿಕೊಂಡು ಬಂದ ಮೇಲೆ ಗಂಡ ಚೆನ್ನಾಗಿ ಕಳಿತ ರಸಬಾಳೆ ತಂದು, ಚೂರು ಚೂರು ಮಾಡಿ ಕೊಟ್ಟರು. ಹಣ್ಣು ಎಲ್ಲೂ ನಿಲ್ಲದೆ ಇಳಿಯಿತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯಲಿಲ್ಲ.

ತಲೆಯ ಕಡೆ ಎತ್ತರವಿರಬೇಕು ಎಂದು ಡಾಕ್ಟರು ಹೇಳಿದ್ದಕ್ಕೆ ಗಂಡ ಮಂಚದ ಎರಡು ಕಾಲಿಗೆ ಇಟ್ಟಿಗೆ ಕೊಟ್ಟರು. ರಾತ್ರಿಯೆಲ್ಲ ಕೆಳಕ್ಕೆ ಜಾರುತ್ತೇನೆ ಎಂದು ಬೆಳಿಗ್ಗೆ ಎದ್ದು ಗೊಣಗುತ್ತಿದ್ದರು, ಆದರೆ ಬೇರೆ ಹಾಸಿಗೆ ಹಾಸಿಕೊಳ್ಳಲಿಲ್ಲ. ನನ್ನ ಜೊತೆಗೆ ಅವರೂ ಹೊತ್ತು ಮುಳುಗುವ ಮೊದಲೇ ಗಂಜಿ ಕುಡಿಯುವುದಕ್ಕೆ ಶುರುಮಾಡಿದರು. ದಿನವೆಲ್ಲ ಗೊನೆ ಹೊರುವವರಿಗೆ ಅದು ಎಲ್ಲಿ ಸಾಕಾಗಬೇಕು? ನಾನು ಬೈದರೂ ಕೇಳಲಿಲ್ಲ. ಒಂದು ದಿನ ನನ್ನ ಪಾಲಿನ ಅನ್ನವನ್ನು ಅತ್ತೆಯೇ ಬೇರೆ ಚಿಕ್ಕ ಪಾತ್ರೆಯಲ್ಲಿ ಕರಗುವ ಹಾಗೆ ಬೇಯಿಸಿ ಇಟ್ಟಿದ್ದರು.

ಇನ್ನೊಂದು ಸಲ ಹಿಗ್ಗಿಸಿ ಬಂದ ಮೇಲೆ ನಾನು ಮತ್ತೆ ಮನುಷ್ಯರ ಹಾಗಾದೆ. ಉಪ್ಪಿಟ್ಟು, ಇಡ್ಲಿ, ಮೊಸರನ್ನ ತಿನ್ನುತ್ತಿದ್ದೆ. ಮೂರನೆಯ ಸಲಕ್ಕೆ ಬರಲು ಹೇಳಿದ್ದರು.

ಅಷ್ಟರಲ್ಲಿ ಆ ಬೆಳಿಗ್ಗೆ ಬಂತು. ನಾನು ಡಬ್ಬಿ ಕಟ್ಟುತ್ತಿದ್ದೆ. ಗಂಡ ಎದೆ ಉಜ್ಜಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಿಗೆ ಬಂದರು.

"ನಿನ್ ಕಾಯ್ಲೆ ನಂಗೂ ಅಂಟ್ಕಂತು ಕಣೆ ಮಂಜು," ಎಂದು ನಕ್ಕರು. "ಎದೆ ಉರೀತಾ ಅದೆ."

ಕಿಟಕಿಯಲ್ಲಿದ್ದ ಗುಲಾಬಿ ಔಷಧಿಯನ್ನು ಮುಚ್ಚಳಕ್ಕೆ ಬಗ್ಗಿಸಿ ಕುಡಿದರು. ಬೆವರಿದ್ದರು. ಬೇಸಿಗೆಯಾದ್ದರಿಂದ ನಾನು ಅದಕ್ಕೆ ಬೇರೆ ಅರ್ಥ ಹುಡುಕಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎರಡು ಇಡ್ಲಿ ತಿಂದು ಹೋಗಿ ಎಂದೆ. ನರಸೀಪುರದಲ್ಲಿ ತಿಂತೀನಿ ಎಂದು ಆಟೋ ಸ್ಟಾರ್ಟ್ ಮಾಡಿದರು.

ಮಧ್ಯಾಹ್ನಕ್ಕೆ ಮುಂಚೆ ಸೂಪರ್‌ವೈಸರ್ ನನ್ನ ಟೇಬಲ್ಲಿಗೆ ಬಂದು ಫೋನಿದೆ ಎಂದು ಕರೆದರು. ತಿ. ನರಸೀಪುರದ ಹತ್ತಿರ ಗೊನೆ ತುಂಬಿಸುವಾಗ ಕುಸಿದು ಬಿದ್ದಿದ್ದರು. ಜೊತೆಗಿದ್ದವರು ಅವರದೇ ಆಟೋದಲ್ಲಿ ಗೊನೆಗಳ ಪಕ್ಕದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸಾಗಿಸಿದ್ದರು. ದಾರಿಯಲ್ಲೇ ಜೀವ ಹೋಗಿತ್ತು. ಹೃದಯಾಘಾತ ಎಂದರು. ಬೆಳಿಗ್ಗೆಯಿಂದ ಎದೆಯುರಿ ಇತ್ತಾ ಎಂದು ಅಲ್ಲಿಯ ಡಾಕ್ಟರು ಕೇಳಿದಾಗ, ಇತ್ತು ಎಂದೆ. ಅವರು ತಲೆ ಆಡಿಸಿದರು. ನಮ್ಮ ಮನೆಯಲ್ಲಿ ಎದೆಯುರಿ ಎಂದರೆ ನನ್ನ ಕಾಯಿಲೆ, ಅದಕ್ಕೆ ಆ ಬಾಟಲಿ ಎಂದು ಮೂವರೂ ಕಲಿತುಬಿಟ್ಟಿದ್ದೆವು.

ಹಾಲು ತುಪ್ಪದ ದಿನವಾಗಲಿ ತಿಥಿಯ ದಿನವಾಗಲಿ ನನಗೆ ಸರಿಯಾಗಿ ನೆನಪಿಲ್ಲ. ಎಲೆಯ ಮುಂದೆ ಕೂರಿಸಿದ್ದು, ಯಾರ್ಯಾರೋ ತುತ್ತು ಮಾಡಿ ಬಾಯಿಗೆ ಇಟ್ಟದ್ದು, ಅದು ವಾಪಸು ಬಂದದ್ದು ನೆನಪಿದೆ. ಪಾಪ, ದುಃಖಕ್ಕೆ ಗಂಟಲಲ್ಲಿ ಇಳಿಯುತ್ತಿಲ್ಲ, ಬಿಡಿ ಎಂದರು ಬಂದವರು. ನಾನೂ ಹಾಗೆಂದೇ ನಂಬಿದೆ. ಮಾತ್ರೆ ತೆಗೆದುಕೊಳ್ಳುವುದನ್ನು ಬಿಟ್ಟು ಎಷ್ಟೋ ದಿನಗಳಾಗಿದ್ದವು. ಹಾಸಿಗೆಯನ್ನು ನೆಲಕ್ಕೆ ಹಾಸಿಕೊಂಡಿದ್ದೆ. ಆ ಮಂಚದ ಮೇಲೆ ಮಲಗಲು ಮನಸ್ಸು ಬರಲಿಲ್ಲ. ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು ಉಳಿದೆವು. ಅವರು ಮಾತೆತ್ತಿದರೆ, ದೇವರು ನನ್ನನ್ನು ಬಿಟ್ಟು ಅವನನ್ನು ಯಾಕೆ ಕರೆದುಕೊಂಡ, ನನಗೆ ಇನ್ನು ಇಲ್ಲೇನು ಕೆಲಸ ಎನ್ನುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು.

ಒಂದು ಸಂಜೆ ಅತ್ತೆ ಗಂಜಿ ತಂದು ಮುಂದಿಟ್ಟರು. ನಾನು ಎರಡು ಗುಟುಕು ಕುಡಿದೆ. ಗಂಜಿಯೂ ನಿಂತಿತು. ಬಚ್ಚಲಿಗೆ ಹೋಗಿ ಉಗುಳಿ ಬಂದೆ. ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹಾಗೆ ಮುಟ್ಟಿರಲಿಲ್ಲ.

"ನಂಗೂ ದುಃಖ ಅದೆ," ಎಂದರು. "ಎತ್ತ ಮಗ ಓಗವ್ನೆ. ಆದ್ರೂ ನಾ ಉಣ್ತಾವ್ನಿ, ನಂಗೆ ಇಳೀತದೆ. ನಿಂಗೆ ಇಳೀತಿಲ್ಲ. ಇದು ದುಃಖ ಅಲ್ಲ ಕಣವ್ವ, ಕಾಯ್ಲೆ. ಎದ್ದೇಳು, ಆಸ್ಪತ್ರೆಗೆ ಓಗವ."

ಎಷ್ಟೋ ಜನ ನನಗೆ ಸಮಾಧಾನ ಹೇಳಿದ್ದರು. ಎಲ್ಲರೂ ನನ್ನ ಕಾಯಿಲೆಯನ್ನು ದುಃಖವೆಂದು ಕರೆದು ಕೈ ತೊಳೆದುಕೊಂಡಿದ್ದರು. ಎರಡನ್ನೂ ಬೇರೆ ಮಾಡಿ ನೋಡಿದವರು ಅತ್ತೆ ಒಬ್ಬರೇ. ತಮ್ಮ ದುಃಖವನ್ನು ಪಕ್ಕದಲ್ಲಿಟ್ಟು ಅಳೆದು ನೋಡಿದ್ದರು.

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಮೈಸೂರಿಗೆ ಹೊರಟೆವು. ಅತ್ತೆಗೆ ಮಂಡಿನೋವು. ಬಸ್ಸಿನ ಮೆಟ್ಟಿಲನ್ನು ನನ್ನ ಹೆಗಲು ಹಿಡಿದು ಹತ್ತಿದರು. ನಾನು ಅವರ ಹೆಗಲು ಹಿಡಿದೆ. ಯಾರು ಯಾರನ್ನು ಕರೆದುಕೊಂಡು ಹೋಗುತ್ತಿದ್ದರು ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನ ಹೆಸರು ಕೂಗಿದ ನರ್ಸ್, ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಮತ್ತಿನ ಇಂಜೆಕ್ಷನ್ ತೆಗೆದುಕೊಳ್ಳುವವರ ಜೊತೆಗೆ ಒಬ್ಬರು ಇರಲೇಬೇಕು. ಪ್ರತಿ ಸಲವೂ ಆ ಪ್ರಶ್ನೆಗೆ ಗಂಡ ಕೈ ಎತ್ತಿಕೊಂಡು ಏಳುತ್ತಿದ್ದರು. ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ನಾ ಬಂದಿವ್ನಿ."

ನರ್ಸ್ ಅವರನ್ನು ಮೇಲಿಂದ ಕೆಳಗೆ ನೋಡಿ, ಬೇರೆ ಯಾರೂ ಇಲ್ಲವೇ ಅಜ್ಜಿ ಎಂದಳು.

"ಮನೇಲಿರಾದೇ ನಾವಿಬ್ರು," ಎಂದರು ಅತ್ತೆ. "ನಾನೇ ಇವಳ ಕಡೆಯೋಳು. ಏನ್ ಬರೀಬೇಕೋ ಬರ್ಕೊ, ಒತ್ತುತೀನಿ."

ಅವರ ಹೆಬ್ಬೆಟ್ಟು ಒತ್ತಿಸಿಕೊಂಡರು. ಡಾಕ್ಟರು ನನ್ನನ್ನು ಗುರುತು ಹಿಡಿದು, ಯಜಮಾನರು ಬರಲಿಲ್ಲವೇ ಎಂದು ಕೇಳಿದರು. ಹೇಳಿದೆ. ಆ ಬೆಳಿಗ್ಗೆಯ ಎದೆಯುರಿಯನ್ನೂ ಬಾಟಲಿಯನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹೃದಯದ ನೋವೂ ಎಷ್ಟೋ ಸಲ ಎದೆಯುರಿಯ ಹಾಗೇ ಬರುತ್ತದೆ, ಮನೆಯಲ್ಲಿ ಕೂತವರಿಗೆ ಬೇರೆ ಮಾಡಿ ಹೇಳಲಾಗದು ಎಂದರು. ನನ್ನ ಮೇಲಿನ ಭಾರ ಇಳಿಸಲು ಹಾಗೆಂದರೋ ಏನೋ. ಇಳಿಯಲಿಲ್ಲ. ಆದರೆ ಇದನ್ನು ಓದುವವರು ಯಾರಿಗಾದರೂ ಎದೆ ಉರಿದು, ಬೆವರು ಕಿತ್ತುಕೊಂಡರೆ, ಮನೆಯ ಬಾಟಲಿಗೆ ಕೈ ಹಾಕದೆ ಮೊದಲು ಇಸಿಜಿ ಮಾಡಿಸಿ. ತುತ್ತು ಎದೆಯಲ್ಲಿ ನಿಲ್ಲುತ್ತಿದ್ದರೆ ಡಯಟ್ ಎಂದು ಸುಳ್ಳು ಹೇಳದೆ ಯಾರಿಗಾದರೂ ಹೇಳಿ. ನನಗೆ ಗೊತ್ತಿರುವುದು ಇಷ್ಟೇ.

ಎಚ್ಚರವಾದಾಗ ಗಂಟಲು ಕೆರೆದ ಹಾಗಿತ್ತು. ಕಣ್ಣು ತೆರೆಯಲಾಗುತ್ತಿರಲಿಲ್ಲ. ಅತ್ತೆಯ ಧ್ವನಿ ಹತ್ತಿರದಲ್ಲೇ ಕೇಳುತ್ತಿತ್ತು. ಇನ್ನೂ ಎಷ್ಟು ದಿನ ಹೀಗೆ ಬರುತ್ತಿರಬೇಕು ಎಂದು ಡಾಕ್ಟರನ್ನು ಕೇಳುತ್ತಿದ್ದರು. ಹೇಳಲಾಗದು ಅಜ್ಜಿ, ಮಾತ್ರೆ ಬಿಡದೆ ಇದ್ದರೆ ತಡವಾಗಿ ಬಿಗಿಯುತ್ತದೆ, ಬಿಗಿದಾಗಲೆಲ್ಲ ಬರಬೇಕು, ಕೆಲವರಿಗೆ ವರ್ಷಗಟ್ಟಲೆ ನಡೆಯುತ್ತದೆ ಎಂದರು ಅವರು.

"ಅಂಗಾರೆ ನಾನಿನ್ನೂ ಒಸಿ ಕಾಲ ಇರ್ಬೇಕಾಯ್ತದೆ ಸಾ," ಎಂದರು ಅತ್ತೆ.

ಡಾಕ್ಟರು ಏನು ಹೇಳಿದರೋ ಕೇಳಿಸಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸಿದರು, ಔಷಧಿಯ ನೀರು ಅಂದುಕೊಂಡು.

ಇದೆಲ್ಲ ಆಗಿ ವರ್ಷದ ಮೇಲಾಯಿತು. ಆಮೇಲೆ ಇನ್ನೂ ಒಂದು ಸಲ ಹೋಗಿ ಬಂದೆವು. ಆಗಲೂ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಈಗ ನಾನು ಬೆಳಿಗ್ಗೆ ಎದ್ದ ಕೂಡಲೇ ಮಾತ್ರೆ ನುಂಗುತ್ತೇನೆ, ಮಧ್ಯಾಹ್ನ ಮೊಸರನ್ನವನ್ನು ನಿಧಾನವಾಗಿ ತಿನ್ನುತ್ತೇನೆ. ಬೆಲ್ ಹೊಡೆದ ಮೇಲೂ ನಾನು ಕೂತಿದ್ದರೆ ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಇರುತ್ತಾರೆ. ಒಂದು ವಾರದಿಂದ ಇಡ್ಲಿ ಮತ್ತೆ ಎದೆಯಲ್ಲಿ ನಿಲ್ಲತೊಡಗಿದೆ. ಮುಂದಿನ ಸೋಮವಾರ ಬರಲು ಆಸ್ಪತ್ರೆಯಲ್ಲಿ ಹೇಳಿದ್ದಾರೆ.

ಅತ್ತೆಗೆ ಈಗ ಬಸ್ಸು ಹತ್ತಲು ಆಗುವುದಿಲ್ಲ. ಮನೆಯೊಳಗೇ ಗೋಡೆ ಹಿಡಿದು ಓಡಾಡುತ್ತಾರೆ. ಈ ಸಲ ರಜ ಹಾಕಿ ನಾನು ಬರುತ್ತೇನೆ ಎಂದಿದ್ದಾಳೆ, ಈಗ ಎಲ್ಲ ತಿಳಿದಿರುವ ಕಂಪನಿಯ ರತ್ನ. ಅತ್ತೆ ಆಗಲೇ ತಮ್ಮ ಒಳ್ಳೆಯ ಸೀರೆ ತೆಗೆದು ಮಡಚಿ ಇಟ್ಟುಕೊಂಡಿದ್ದಾರೆ. ರತ್ನ ಬರುವ ವಿಷಯವನ್ನು ಅವರಿಗೆ ನಾನು ಇನ್ನೂ ಹೇಳಿಲ್ಲ.